ಗ್ರೂಪಿಗೆ ಬಿದ್ದ ಸುದ್ದಿ ಪತ್ರಿಕೆಗೆ ಬರುವ ದಾರಿ

2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿದ್ದ ಚಹಾದಂಗಡಿ, ಅಲ್ಲಿದ್ದ ಜನ, ವಾಹನ ಎಲ್ಲವೂ ಮಣ್ಣುಪಾಲಾದವು. ಮಣ್ಣು ಗಂಗಾವಳಿ ನದಿಗೂ ನುಗ್ಗಿತು. ಕಾಣೆಯಾದವರಲ್ಲಿ ಕೇರಳದ ಲಾರಿ ಚಾಲಕರೊಬ್ಬರೂ ಇದ್ದರು. ಅಲ್ಲಿಂದ ಮುಂದೆ ನಮ್ಮ ಕರಾವಳಿಯ ಈ ಸಣ್ಣ ಊರು ಮಲಯಾಳ ಸುದ್ದಿವಾಹಿನಿಗಳ, ಯೂಟ್ಯೂಬ್ ಚಾನೆಲ್‌ಗಳ ನೇರಪ್ರಸಾರದಿಂದ ಕೇರಳದ ಮನೆಮನೆಗೂ ಪರಿಚಯವಾಯಿತು. ಚಾಲಕರ ಫೋನ್ ರಿಂಗಾಗಿದೆಯಂತೆ, ಲಾರಿ ರಸ್ತೆಯ ಮೇಲಿನ ಮಣ್ಣಿನಡಿಯಲ್ಲೇ ಇದೆಯಂತೆ, ಒಳಗೆ ಇನ್ನೂ ಜೀವ ಇರಬಹುದಂತೆ ಎಂಬ ಮಾತುಗಳು ಮೊದಲ ದಿನಗಳಲ್ಲಿ ಎಲ್ಲೆಡೆ ಓಡಾಡಿದವು. ಎಲ್ಲಿ ಅಗೆಯಬೇಕು ಎಂಬ ಒತ್ತಡವೂ ಅವುಗಳಿಂದಲೇ ಹುಟ್ಟಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ನದಿಯಲ್ಲಿ.

ಆ ವರದಿಗಾರಿಕೆಯನ್ನು ಬೈಯುವವರಿದ್ದಾರೆ, ಮೆಚ್ಚುವವರೂ ಇದ್ದಾರೆ. ಅಷ್ಟು ಕ್ಯಾಮೆರಾಗಳು ಅಲ್ಲಿ ಬೀಡುಬಿಡದಿದ್ದರೆ ಹುಡುಕಾಟ ಅಷ್ಟು ದಿನ ನಡೆಯುತ್ತಿತ್ತೇ ಎಂಬ ಪ್ರಶ್ನೆಯಲ್ಲೂ ನ್ಯಾಯವಿದೆ. ನಾನು ಶಿರೂರನ್ನು ಎತ್ತಿಕೊಂಡದ್ದು ಬೇರೆ ಕಾರಣಕ್ಕೆ. ಸುದ್ದಿ ತಲುಪಿಸುವುದು ಒಂದು ಕೆಲಸ, ಅದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳುವುದು ಇನ್ನೊಂದು ಕೆಲಸ ಎಂಬುದು ಅಲ್ಲಿ ಬರಿಗಣ್ಣಿಗೆ ಕಾಣುವಷ್ಟು ಬೇರೆಬೇರೆಯಾಯಿತು. ಅಚ್ಚಿನ ಕಾಲದಲ್ಲಿ ಎರಡನ್ನೂ ಒಬ್ಬರೇ, ಒಂದೇ ಸಂಬಳಕ್ಕೆ ಮಾಡುತ್ತಿದ್ದರು. ಇಂಟರ್‌ನೆಟ್ ಮೊದಲನೆಯದನ್ನು ಎಲ್ಲರ ಕೈಗೂ ಕೊಟ್ಟಿತು. ಎರಡನೆಯದು ಹೆಚ್ಚುಕಡಿಮೆ ವೃತ್ತಿ ಪತ್ರಕರ್ತರ ತಲೆಯ ಮೇಲೇ ಉಳಿಯಿತು. ದುಡ್ಡು ಮಾತ್ರ ಮೊದಲನೆಯದರ ಹಿಂದೆ ಹೋಯಿತು. ಕನ್ನಡದ ಸುದ್ದಿಮನೆಗಳಲ್ಲಿ ಈಗ ಕಾಣುವ ಬದಲಾವಣೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹೊರಟವು. ತಾಲ್ಲೂಕಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ನೋಡೋಣ.

ಬಸ್ಸಿನ ಕವರಿನಿಂದ ವಾಟ್ಸ್‌ಆ್ಯಪ್ ಗ್ರೂಪಿಗೆ

ಹಿಂದೆ ತಾಲ್ಲೂಕಿನ ವರದಿಗಾರರು ಸುದ್ದಿ ಬರೆದು, ಫೋಟೊ ಇದ್ದರೆ ರೋಲನ್ನೂ ಸೇರಿಸಿ, ಕವರನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ತುರ್ತಿದ್ದರೆ ಟೆಲಿಗ್ರಾಂ, ಟ್ರಂಕ್ ಕಾಲ್, ಆಮೇಲಾಮೇಲೆ ಫ್ಯಾಕ್ಸ್. ದೂರದ ಜಿಲ್ಲೆಗಳ ಆವೃತ್ತಿ ಬೇಗ ಅಚ್ಚಿಗೆ ಹೋಗುತ್ತಿದ್ದುದರಿಂದ ರಾತ್ರಿಯ ಘಟನೆ ಅಲ್ಲಿನವರಿಗೆ ಮಾರನೆಯ ದಿನವಲ್ಲ, ಅದರಾಚೆಯ ದಿನ ಓದಲು ಸಿಗುತ್ತಿತ್ತು. ಈ ನಿಧಾನದಿಂದ ಒಂದು ಉಪಕಾರವಿತ್ತು. ಸುದ್ದಿ ಓದುಗರನ್ನು ಮುಟ್ಟುವ ಮೊದಲು ಇಬ್ಬರು ಮೂವರು ಅದನ್ನು ಓದಿ, ‘ಎಸ್‌ಐ ಹತ್ತಿರ ಮಾತಾಡಿದಿರಾ?’ ಎಂದು ಕೇಳುವಷ್ಟು ಹೊತ್ತು ಸಿಗುತ್ತಿತ್ತು.

ಈಗ ಅದೇ ವರದಿಗಾರರ ಮೊಬೈಲು ತೆರೆದರೆ ಗ್ರೂಪುಗಳ ಸಾಲು. ವಾರ್ತಾ ಇಲಾಖೆಯ ಗ್ರೂಪಿನಲ್ಲಿ ಜಿಲ್ಲಾಧಿಕಾರಿಗಳ ಸಭೆಯ ವಿವರ, ಫೋಟೊ ಸಮೇತ. ಪೊಲೀಸರ ಗ್ರೂಪಿನಲ್ಲಿ ಅಪಘಾತ, ಕಳವು. ಪಕ್ಷಕ್ಕೊಂದು, ಶಾಸಕರಿಗೊಂದು, ಮಠಕ್ಕೊಂದು. ವಿದ್ಯುತ್ ವ್ಯತ್ಯಯ, ಮಳೆಯ ಅಂಕಿ, ಎಪಿಎಂಸಿ ಧಾರಣೆ ಕೂತಲ್ಲಿಗೇ ಬರುತ್ತವೆ. ದಿನಕ್ಕೆ ಒಂದು ಪುಟ ತುಂಬಿಸಬೇಕಾದವರಿಗೆ ಇದು ದೊಡ್ಡ ಅನುಕೂಲ, ಸುಳ್ಳಲ್ಲ. ಆದರೆ ಇಂಥ ಗ್ರೂಪುಗಳ ಒಂದು ವ್ಯವಸ್ಥೆಯನ್ನು ಗಮನಿಸಬೇಕು. ಇಲಾಖೆಗಳ ಎಷ್ಟೋ ಗ್ರೂಪುಗಳಲ್ಲಿ ಸಂದೇಶ ಹಾಕುವ ಅಧಿಕಾರ ಅಡ್ಮಿನ್‌ಗೆ ಮಾತ್ರ. ಅಧಿಕಾರಿ ಹೇಳುತ್ತಾರೆ, ಪತ್ರಕರ್ತರು ಓದುತ್ತಾರೆ. ಪತ್ರಿಕಾಗೋಷ್ಠಿಯಲ್ಲಿ ಹಿಂದಿನ ಸಾಲಿನಿಂದ ಎದ್ದುಬರುತ್ತಿದ್ದ ಅಡ್ಡಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಬೇಕೆಂದರೆ ಪ್ರತ್ಯೇಕವಾಗಿ ಫೋನ್ ಮಾಡಬೇಕು, ಅವರು ಎತ್ತಬೇಕು.

ಎರಡನೆಯ ಪರಿಣಾಮ ಮಾರನೆಯ ಬೆಳಿಗ್ಗೆ ಓದುಗರಿಗೇ ಗೊತ್ತಾಗುತ್ತದೆ. ಗ್ರೂಪಿಗೆ ಬಿದ್ದ ಒಂದೇ ಕಾಪಿ ನಾಲ್ಕು ಪತ್ರಿಕೆಗಳಲ್ಲಿ ನಾಲ್ಕು ಶೀರ್ಷಿಕೆಯ ಕೆಳಗೆ, ಅಕ್ಷರವೂ ಬದಲಾಗದೆ. ಒಬ್ಬರು ಬರೆದದ್ದನ್ನು ಉಳಿದವರು ಹಂಚಿಕೊಳ್ಳುವುದು ಕಾರ್ಬನ್ ಕಾಗದದ ಕಾಲದಲ್ಲೂ ಇತ್ತು ಎಂದು ಹಳಬರು ಒಪ್ಪಿಕೊಳ್ಳುತ್ತಾರೆ. ಆದರೆ ಕಾರ್ಬನ್ ಮೂರನೆಯ ಪ್ರತಿಗೇ ಮಸುಕಾಗುತ್ತಿತ್ತು. ಫಾರ್ವರ್ಡ್‌ಗೆ ಆ ತೊಂದರೆಯಿಲ್ಲ. ಒಂದು ಕಾಪಿಯಲ್ಲಿ ಸತ್ತವರ ಸಂಖ್ಯೆ ತಪ್ಪಿದ್ದರೆ ಎಲ್ಲ ಕಡೆಯೂ ತಪ್ಪುತ್ತದೆ. ಎಲ್ಲ ಕಡೆ ಒಂದೇ ಸಂಖ್ಯೆ ಇರುವುದರಿಂದ ಅದೇ ಸರಿ ಎಂದು ಓದುಗರು ನಂಬುತ್ತಾರೆ.

ಮೂರನೆಯದು ಬಾಯಿಮಾತಿನ ಟೈಪಿಂಗ್. ಕನ್ನಡ ಕೀಲಿಮಣೆಯಲ್ಲಿ ಕುಟ್ಟುವ ಬದಲು ಫೋನಿಗೆ ಹೇಳಿದರೆ ಅಕ್ಷರ ಮೂಡುತ್ತದೆ. ಬೈಕ್ ಪಕ್ಕಕ್ಕೆ ನಿಲ್ಲಿಸಿ, ರಸ್ತೆಬದಿಯಲ್ಲೇ ಸುದ್ದಿ ಹೇಳಿ ಕಳಿಸುವವರನ್ನು ಯಾವ ತಾಲ್ಲೂಕಿನಲ್ಲಾದರೂ ಕಾಣಬಹುದು. ವೇಗ ಬಂತು. ಊರಿನ ಹೆಸರು, ಮನೆತನದ ಹೆಸರು, ಹಣದ ಮೊತ್ತಗಳಿಗೆ ಹೊಸ ಬಗೆಯ ತಪ್ಪುಗಳೂ ಬಂದವು. ಒಳ್ಳೆಯ ಉಪಸಂಪಾದಕರು ಈಗ ಮೊದಲು ಕಣ್ಣಾಡಿಸುವುದು ವ್ಯಾಕರಣದ ಮೇಲಲ್ಲ, ಹೆಸರು ಮತ್ತು ಅಂಕಿಗಳ ಮೇಲೆ.

ವೆಬ್ ಡೆಸ್ಕ್

ಪತ್ರಿಕೆಯ ಡೆಸ್ಕಿಗೆ ದಿನಕ್ಕೊಂದು ಗಡುವು. ವೆಬ್ ಡೆಸ್ಕಿಗೆ ಗಡುವೇ ಇಲ್ಲ, ಅಂದರೆ ಪ್ರತಿ ನಿಮಿಷವೂ ಗಡುವು. ಸುದ್ದಿ ಎರಡು ಸಾಲಿನಲ್ಲಿ ಮೊದಲು ಹೋಗುತ್ತದೆ, ಆಮೇಲೆ ಬೆಳೆಯುತ್ತದೆ. ಹಿಂದೆ ‘ಖಚಿತವಾದ ಮೇಲೆ ಹಾಕೋಣ’ ಅನ್ನುತ್ತಿದ್ದ ಕಡೆ ಈಗ ‘ಹಾಕಿ, ಖಚಿತವಾದ ಹಾಗೆ ತಿದ್ದೋಣ’ ಎಂಬ ಕ್ರಮ ಬಂದಿದೆ. ಎಲ್ಲರೂ ಹೀಗೆ ಮಾಡುವುದಿಲ್ಲ. ಆದರೆ ಹೀಗೆ ಮಾಡದವರ ಸುದ್ದಿ ಗೂಗಲ್‌ನಲ್ಲಿ ಎರಡನೆಯದೋ ಮೂರನೆಯದೋ ಆಗಿ ಕಾಣುತ್ತದೆ ಎಂಬ ಭಯ ಎಲ್ಲರಿಗೂ ಇದೆ.

ಹೊರಗಿನವರಿಗೆ ಅಷ್ಟಾಗಿ ಗೊತ್ತಿರದ ತೊಡಕೊಂದು ಅಕ್ಷರದ್ದು. 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ದಿಂದ ಹಿಡಿದು ಇವತ್ತಿನವರೆಗೆ ಕನ್ನಡ ಪತ್ರಿಕೆಗಳಿಗೆ ಅಕ್ಷರದ ತಲೆನೋವು ತಪ್ಪಿದ್ದೇ ಇಲ್ಲ. ಪುಟ ಕಟ್ಟುವ ಕೆಲಸ ಬಹಳ ವರ್ಷ ನುಡಿ, ಶ್ರೀಲಿಪಿಯಂಥ ಹಳೆಯ ಸಂಕೇತದ ಅಕ್ಷರಗಳಲ್ಲೇ ನಡೆಯಿತು, ಹಲವೆಡೆ ಈಗಲೂ ನಡೆಯುತ್ತಿದೆ. ಜಾಲತಾಣಕ್ಕೆ ಬೇಕಾದದ್ದು ಯೂನಿಕೋಡ್. ಅಚ್ಚಿಗೆ ಸಿದ್ಧವಾದ ಸುದ್ದಿಯನ್ನು ಪರಿವರ್ತಕದ ಮೂಲಕ ಹಾಯಿಸಿದಾಗ ಎಲ್ಲೋ ಒತ್ತಕ್ಷರ ಕಳಚುತ್ತದೆ, ಎಲ್ಲೋ ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುತ್ತದೆ. ಅದನ್ನೆಲ್ಲ ಕೂತು ತಿದ್ದುವವರು ವೆಬ್ ಡೆಸ್ಕಿನ ಹುಡುಗ ಹುಡುಗಿಯರು. ಹಳೆಯ ಸಂಕೇತದಲ್ಲಿ ಜಾಲಕ್ಕೇರಿದ ಎಷ್ಟೋ ವರ್ಷಗಳ ಕನ್ನಡ ಸುದ್ದಿ ಇವತ್ತು ಹುಡುಕಿದರೆ ಸಿಗದಿರುವುದಕ್ಕೂ ಇದೇ ಕಾರಣ.

ಶೀರ್ಷಿಕೆ ಬರೆಯುವ ವಿದ್ಯೆಯೂ ಬದಲಾಯಿತು. ಅಚ್ಚಿನ ಶೀರ್ಷಿಕೆಗೆ ಎದುರಾಳಿಯೆಂದರೆ ಕಾಲಮಿನ ಅಗಲ ಒಂದೇ. ವೆಬ್ಬಿನಲ್ಲಿ ಒಂದೇ ಸುದ್ದಿಗೆ ಮೂರು ಮುಖ ಬೇಕು: ಓದುಗರ ಕಣ್ಣಿಗೊಂದು, ಗೂಗಲ್‌ಗೊಂದು, ಫೇಸ್‌ಬುಕ್‌ಗೊಂದು. ಕನ್ನಡಿಗರಲ್ಲಿ ಎಷ್ಟೋ ಮಂದಿ ಹುಡುಕುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಆದ್ದರಿಂದ ಕನ್ನಡ ಸುದ್ದಿಯ ವಿಳಾಸವೂ ಒಳಗಿನ ಹುಡುಕುಪದಗಳೂ ಇಂಗ್ಲಿಷಿನಲ್ಲಿರುತ್ತವೆ. ಇನ್ನು ಗೂಗಲ್ ಡಿಸ್ಕವರ್. ಓದುಗರು ಏನನ್ನೂ ಹುಡುಕದಿದ್ದರೂ ಅವರ ಫೋನಿನ ತೆರೆಯ ಮೇಲೆ ತಾನೇ ಸುದ್ದಿ ತಂದಿಡುವ ವ್ಯವಸ್ಥೆ ಅದು. ಯಾವ ಸುದ್ದಿಯನ್ನು ಏಕೆ ಎತ್ತಿಕೊಳ್ಳುತ್ತದೆ ಎಂದು ಸಂಪಾದಕರಿಗೂ ತಿಳಿಯದು. ಒಂದು ದಿನ ಲಕ್ಷಗಟ್ಟಲೆ ಜನರನ್ನು ಕರೆತಂದ ಬಗೆಯ ಸುದ್ದಿಯನ್ನೇ ಮರುದಿನ ಬರೆದರೆ ಯಾರೂ ಬರದೆ ಇರಬಹುದು. ಆದರೂ ಮರುದಿನ ಅದೇ ಬಗೆಯದನ್ನು ಬರೆಯುತ್ತಾರೆ, ಬೇರೆ ದಾರಿ ಕಾಣದೆ.

ಹೀಗಾಗಿ ಸುದ್ದಿಯೇ ಇಲ್ಲದ ಸುದ್ದಿ ಎಂಬ ಹೊಸ ಜಾತಿ ಹುಟ್ಟಿದೆ. ಇವತ್ತಿನ ಚಿನ್ನದ ದರ. ಕೆಆರ್‌ಎಸ್ ನೀರಿನ ಮಟ್ಟ. ರಾಶಿಭವಿಷ್ಯ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾದ ಮೇಲೆ ‘ಗೃಹಲಕ್ಷ್ಮಿ ಹಣ ಯಾವಾಗ?’ ಎಂಬ ಶೀರ್ಷಿಕೆ ಕನ್ನಡ ಜಾಲತಾಣಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟವರಿಲ್ಲ. ಒಳಗೆ ಹೊಸದೇನೂ ಇರುವುದಿಲ್ಲ, ಆದರೆ ಜನ ಪ್ರತಿ ತಿಂಗಳೂ ಹುಡುಕುತ್ತಾರೆ. ನೀರಿನ ಮಟ್ಟದ ವಿಷಯದಲ್ಲಿ ಮಾತ್ರ ನನಗೆ ತಕರಾರಿಲ್ಲ. ಅಣೆಕಟ್ಟೆ ಗರಿಷ್ಠ ಮಟ್ಟವಾದ 124.80 ಅಡಿಗೆ ಎಷ್ಟು ಹತ್ತಿರ ಬಂದಿದೆ ಎಂಬುದು ಮಂಡ್ಯದ ರೈತರಿಗೆ ನಿಜಕ್ಕೂ ದಿನದ ಸುದ್ದಿ.

ದುಡ್ಡು ಎಲ್ಲಿ ಹೋಯಿತು

ಪತ್ರಿಕೆಯ ಮುಖಬೆಲೆಯಲ್ಲಿ ಏಜೆಂಟರ ಕಮಿಷನ್, ಸಾಗಣೆ ಕಳೆದು ಉಳಿಯುವುದರಲ್ಲಿ ಕಾಗದದ ಖರ್ಚು ಹುಟ್ಟುವುದೇ ಕಷ್ಟ. ಪತ್ರಿಕೆಗಳು ನಡೆದದ್ದು ಜಾಹೀರಾತಿನಿಂದ. ಅದರಲ್ಲಿ ಮೊದಲು ಹೋದವು ಸಾಲಿಗಿಷ್ಟು ಎಂದು ದುಡ್ಡು ತರುತ್ತಿದ್ದ ವರ್ಗೀಕೃತ ಜಾಹೀರಾತುಗಳು. ವಧೂವರರು ಮ್ಯಾಟ್ರಿಮೊನಿ ತಾಣಗಳಿಗೆ, ಕೆಲಸ ನೌಕ್ರಿಗೆ, ಹಳೆಯ ಬೈಕು ಓಎಲ್‌ಎಕ್ಸ್‌ಗೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಓದುಗರೂ ಫೋನಿಗೆ ಸರಿದರು. 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಮನೆಗೆ ಪೇಪರ್ ಬೇಡ ಎಂದು ನಿಲ್ಲಿಸಿದವರಲ್ಲಿ ಹಲವರು ಮತ್ತೆ ಹಾಕಿಸಿಕೊಳ್ಳಲಿಲ್ಲ. ಅವರಿಗೆ ಬೆಳಗಾಗುವ ಮುನ್ನವೇ ಇ-ಪೇಪರಿನ ಪಿಡಿಎಫ್ ಗ್ರೂಪಿನಲ್ಲಿ ಪುಕ್ಕಟೆ ಬರತೊಡಗಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಹಿಂದಿಯ ‘ದೈನಿಕ್ ಜಾಗರಣ್’ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಗಿ, ತನ್ನ ಪಿಡಿಎಫ್ ಹಂಚುತ್ತಿದ್ದ ಟೆಲಿಗ್ರಾಂ ಚಾನೆಲ್‌ಗಳನ್ನು ತೆಗೆಸುವ ಆದೇಶ ತಂದಿತು. ಗ್ರೂಪುಗಳು ಹೆಸರು ಬದಲಿಸಿಕೊಂಡು ಮತ್ತೆ ಹುಟ್ಟಿದರೆ ಯಾರು ತಡೆಯಬೇಕು?

ಜಾಲತಾಣದ ಜಾಹೀರಾತು ಹೇಗೆ ದುಡಿಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಸುದ್ದಿಯ ಕೊಂಡಿ ಒತ್ತಿದಿರಿ. ಪುಟ ಪೂರ್ತಿ ತೆರೆದುಕೊಳ್ಳುವ ಮೊದಲೇ ಅಲ್ಲಿನ ಖಾಲಿ ಜಾಗಗಳು ಹರಾಜಿಗೆ ಹೋಗುತ್ತವೆ. ನೀವು ಯಾವ ಊರಿನಲ್ಲಿದ್ದೀರಿ, ಯಾವ ಫೋನು, ಮೊದಲು ಏನು ಹುಡುಕಿದ್ದಿರಿ ಎಂಬುದನ್ನು ನೋಡಿ ಜಾಹೀರಾತುದಾರರ ಪರವಾಗಿ ಕಂಪ್ಯೂಟರ್‌ಗಳೇ ಸವಾಲು ಕೂಗುತ್ತವೆ. ಒಂದು ಸೆಕೆಂಡಿನೊಳಗೆ ವ್ಯಾಪಾರ ಮುಗಿದು ಗೆದ್ದವರ ಜಾಹೀರಾತು ನಿಮ್ಮೆದುರು ಬರುತ್ತದೆ. ಬೆಲೆ ಸಾವಿರ ನೋಟಕ್ಕೆ ಇಷ್ಟು ಎಂದು. ಕನ್ನಡ ಪುಟಕ್ಕೆ ಸಿಗುವ ಬೆಲೆ ಇಂಗ್ಲಿಷ್ ಪುಟದ್ದಕ್ಕಿಂತ ಕಡಿಮೆ. ಗದಗದ ಓದುಗರಿಗಿಂತ ನ್ಯೂಜೆರ್ಸಿಯಲ್ಲಿರುವ ಕನ್ನಡಿಗರ ನೋಟಕ್ಕೆ ಹೆಚ್ಚು. ಬೆಲೆ ಕಟ್ಟುವುದು ನೋಟಕ್ಕೆ. ನೀವು ಪೂರ್ತಿ ಓದಿದಿರಾ, ಓದಿದ್ದು ನಿಜವಾಗಿತ್ತೇ ಎಂಬುದು ಆ ಹರಾಜಿನ ಲೆಕ್ಕಕ್ಕೆ ಬರುವುದಿಲ್ಲ. ಮೂರು ದಿನ ಕಚೇರಿ ಅಲೆದು ಬರೆದ ವರದಿಯೂ ಚಿನ್ನದ ದರವೂ ಅಲ್ಲಿ ಸಮ. ಚಿನ್ನದ ದರ ಹತ್ತು ನಿಮಿಷದ ಕೆಲಸ.

ಈ ಹರಾಜುಕಟ್ಟೆಯ ಒಡೆಯ ಮುಖ್ಯವಾಗಿ ಗೂಗಲ್. ಮಾರುವವರ ಕಡೆಯ ಯಂತ್ರವೂ ಅದರದೇ, ಕೊಳ್ಳುವವರ ಕಡೆಯದೂ ಅದರದೇ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ವರ್ಜೀನಿಯದ ಫೆಡರಲ್ ನ್ಯಾಯಾಲಯ ಈ ವ್ಯಾಪಾರದ ಎರಡು ಭಾಗಗಳಲ್ಲಿ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಸಾಧಿಸಿದೆ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲೇ ತನಿಖೆಗೆ ಆದೇಶಿಸಿತ್ತು. ಸುದ್ದಿಗೆ ದುಡ್ಡು ಕೊಡಿ ಎಂದು ಕಾನೂನು ಮಾಡಲು ಹೊರಟ ದೇಶಗಳ ಅನುಭವ ಎರಡು ಬಗೆಯದು. ಆಸ್ಟ್ರೇಲಿಯದಲ್ಲಿ 2021ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಸುದ್ದಿಯನ್ನೇ ಕೆಲವು ದಿನ ತಡೆಹಿಡಿದು, ಆಮೇಲೆ ರಾಜಿಗೆ ಬಂತು. ಕೆನಡದಲ್ಲಿ 2023ರ ಆಗಸ್ಟ್‌ನಲ್ಲಿ ತೆಗೆಯಲು ಶುರುಮಾಡಿದ್ದು ರಾಜಿಯಲ್ಲಿ ಮುಗಿಯಲಿಲ್ಲ. ಗೂಗಲ್ ಮಾತ್ರ ವರ್ಷಕ್ಕೆ 10 ಕೋಟಿ ಕೆನಡಿಯನ್ ಡಾಲರ್ ಕೊಡಲು ಒಪ್ಪಿತು.

ಬೇರೆಯವರ ಅಂಗಳದಲ್ಲಿ ಅಂಗಡಿ ಇಟ್ಟವರ ಪಾಡು ನಮ್ಮ ಬೆಂಗಳೂರಲ್ಲೇ ಕಂಡಿತು. 2020ರಲ್ಲಿ ಕನ್ನಡದಿಂದಲೇ ಆರಂಭವಾದ ‘ಕೂ’ ಆ್ಯಪ್‌ನಲ್ಲಿ ಪತ್ರಿಕೆಗಳು, ಸಚಿವರು, ಇಲಾಖೆಗಳು ಖಾತೆ ತೆರೆದು ಹಿಂಬಾಲಕರನ್ನು ಕೂಡಿಹಾಕಿಕೊಂಡರು. 2024ರ ಜುಲೈನಲ್ಲಿ ಅದು ಮುಚ್ಚಿತು. ಕೂಡಿಟ್ಟ ಹಿಂಬಾಲಕರನ್ನು ಬೇರೆಡೆಗೆ ಹೊತ್ತೊಯ್ಯಲು ಬರುವುದಿಲ್ಲ.

ಈಗಿನ ಹೊಸ ಆತಂಕ, ಹುಡುಕಿದರೆ ಕೊಂಡಿಯ ಬದಲು ಉತ್ತರವೇ ಬರುತ್ತಿರುವುದು. ಕೃತಕ ಬುದ್ಧಿಮತ್ತೆ ಪುಟದ ನೆತ್ತಿಯ ಮೇಲೇ ಸಾರಾಂಶ ಬರೆದುಕೊಟ್ಟರೆ ಸುದ್ದಿ ಬರೆದವರ ಪುಟಕ್ಕೆ ಯಾರೂ ಹೋಗಬೇಕಿಲ್ಲ, ಹರಾಜೂ ನಡೆಯುವುದಿಲ್ಲ. ತನ್ನ ಸುದ್ದಿಯನ್ನು ಅನುಮತಿಯಿಲ್ಲದೆ ಬಳಸಿದ್ದಾರೆ ಎಂದು ಎಎನ್‌ಐ ಸಂಸ್ಥೆ 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಓಪನ್ಎಐ ವಿರುದ್ಧ ಹೂಡಿದ ಮೊಕದ್ದಮೆಯನ್ನು ಎಲ್ಲ ಭಾಷೆಯ ಪತ್ರಿಕೆಗಳೂ ಕಾದು ನೋಡುತ್ತಿರುವುದು ಇದಕ್ಕೇ. 2023ರಲ್ಲಿ ಕನ್ನಡದ ವಾಹಿನಿಯೊಂದು ‘ಸೌಂದರ್ಯ’ ಎಂಬ ಕೃತಕ ನಿರೂಪಕಿಯನ್ನು ತಂದಾಗ ಎಲ್ಲರೂ ಬೆರಗಿನಿಂದ ನೋಡಿದರು. ನಿರೂಪಕಿಗಿಂತ ಈ ಸಾರಾಂಶದ ಪೆಟ್ಟಿಗೆ ಹೆಚ್ಚು ಜನರ ಕೆಲಸ ಕಳೆದೀತು.

ಖಾತ್ರಿ ಮಾಡುವ ಬಗೆ

ಇದು ವೃತ್ತಿಯಲ್ಲಿ ನಿಜಕ್ಕೂ ಬೆಳೆದ ಭಾಗ. ಇಂಟರ್‌ನೆಟ್ ಸುಳ್ಳಿಗೆ ಕೊಟ್ಟ ವೇಗದ ಜೊತೆಗೆ ಅದನ್ನು ಹಿಡಿಯುವ ಉಪಕರಣಗಳನ್ನೂ ಕೊಟ್ಟಿದೆ.

ಚಾರ್ಮಾಡಿಯಲ್ಲಿ ಗುಡ್ಡ ಜರಿದಿದೆ ಎಂಬ ವಿಡಿಯೊ ಬಂತು ಎನ್ನಿ. ಮೊದಲ ಪ್ರಶ್ನೆ ಕಳಿಸಿದವರಿಗೆ: ನೀವೇ ತೆಗೆದದ್ದಾ, ಬಂದದ್ದಾ? ತಾವೇ ತೆಗೆದವರಾದರೆ ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಬೇಕು. ಮಾಮೂಲಿಯಾಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ಯಾವ ಫೋನು, ಯಾವ ಹೊತ್ತು, ಎಲ್ಲಿ ಎಂಬ ಒಳಗಿನ ಗುರುತು ಉದುರಿಹೋಗುತ್ತದೆ. ಎರಡನೆಯದು, ವಿಡಿಯೊದ ಕೆಲವು ಚಿತ್ರಿಕೆಗಳನ್ನು ಹಿಡಿದು ಗೂಗಲ್ ಲೆನ್ಸ್ ಅಥವಾ ಯಾಂಡೆಕ್ಸ್‌ನಲ್ಲಿ ಹುಡುಕುವುದು. ಹಳೆಯ ಮಳೆಗಾಲದ ವಿಡಿಯೊಗಳಲ್ಲಿ ಬಹಳಷ್ಟು ಈ ಹಂತದಲ್ಲೇ ಸಿಕ್ಕಿಬೀಳುತ್ತವೆ. ಚಾರ್ಮಾಡಿಯ ಹೆಸರಿನಲ್ಲಿ ಬಂದದ್ದು ಹಿಮಾಚಲದ್ದೋ ನೇಪಾಳದ್ದೋ ಆಗಿರುತ್ತದೆ.

ಅದರಲ್ಲೂ ಸಿಗದಿದ್ದರೆ ಕಣ್ಣಿಗೆ ಕೆಲಸ. ಮೈಲಿಗಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮ ಸಡಕ್ ರಸ್ತೆ. ಬಸ್ಸಿನ ಮೇಲೆ ಬರೆದದ್ದು ವಾಯವ್ಯ ಸಾರಿಗೆಯೋ ಕಲ್ಯಾಣ ಕರ್ನಾಟಕ ಸಾರಿಗೆಯೋ ನೋಡಿದರೆ ಅರ್ಧ ರಾಜ್ಯ ಬಿಟ್ಟುಹೋಯಿತು. ನಂಬರ್ ಪ್ಲೇಟುಗಳಲ್ಲಿ ಕೆಎ 12 ಹೆಚ್ಚಿದ್ದರೆ ಕೊಡಗು, ಕೆಎ 38 ಆದರೆ ಬೀದರ್. ಕಾಲ ಹಿಡಿಯಲು ಗೋಡೆಯ ಸಿನಿಮಾ ಪೋಸ್ಟರ್, ಚುನಾವಣೆಯ ಫ್ಲೆಕ್ಸ್. ಈಚೆಗೆ ಇನ್ನೊಂದು ಗುರುತು ಸೇರಿದೆ: ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್‌ಗಳ ಹಳೆಯ ಒಂದು ಬದಿ ಮಡಿಚಿದ ಟೋಪಿಯ ಬದಲು ನೀಲಿ ಕ್ಯಾಪ್ ಬಂದದ್ದು 2025ರ ಅಕ್ಟೋಬರ್ ಕೊನೆಯಲ್ಲಿ. ನೀಲಿ ಕ್ಯಾಪ್ ಕಂಡರೆ ವಿಡಿಯೊ ಅದಕ್ಕಿಂತ ಹಿಂದಿನದಾಗಿರಲಾರದು.

ಇಷ್ಟಾದ ಮೇಲೂ ಫೋನ್ ಮಾಡಲೇಬೇಕು. ಠಾಣೆಗೆ, ತಹಶೀಲ್ದಾರರಿಗೆ, ಆ ರಸ್ತೆಯಲ್ಲಿ ಹೋಟೆಲ್ ಇಟ್ಟವರಿಗೆ. ಈ ಮೂವರಲ್ಲಿ ಹೋಟೆಲಿನವರ ಮಾತೇ ಬೇಗ ಸಿಗುವುದು, ಹೆಚ್ಚಾಗಿ ಸರಿಯೂ ಇರುವುದು.

ನಕಲಿ ಸುದ್ದಿಕಾರ್ಡುಗಳನ್ನು ಹಿಡಿಯಲು ಕನ್ನಡಕ್ಕೆ ತನ್ನದೇ ಉಪಾಯವಿದೆ. ವಾಹಿನಿಯ ಲೋಗೊ ಹಾಕಿ ನಾಯಕರ ಬಾಯಿಗೆ ಇಲ್ಲದ ಮಾತು ತುರುಕಿದ ಕಾರ್ಡು ಬಂದಾಗ ಅಕ್ಷರದ ಆಕಾರ ನೋಡಬೇಕು. ಪ್ರತಿ ಸಂಸ್ಥೆಗೂ ತನ್ನದೇ ಶೀರ್ಷಿಕೆಯ ಅಕ್ಷರವಿದೆ. ನಕಲು ಮಾಡುವವರು ಫೋನಿನಲ್ಲಿ ಬಿಟ್ಟಿ ಸಿಗುವ ಯೂನಿಕೋಡ್ ಅಕ್ಷರ ಹಾಕಿರುತ್ತಾರೆ, ಒತ್ತಕ್ಷರ ಬೇರೆ ಥರ ಕೂತಿರುತ್ತದೆ. ಆದರೆ ನಕಲಿ ಧ್ವನಿಯ ಎದುರು ಇಂಥ ಸುಲಭದ ಉಪಾಯ ಇನ್ನೂ ಇಲ್ಲ. ಅಲ್ಲಿ ಮೂಲ ಭಾಷಣದ ಪೂರ್ತಿ ವಿಡಿಯೊ ಹುಡುಕಿ ಕೂತು ಕೇಳುವುದೊಂದೇ ದಾರಿ.

ಇದನ್ನೆಲ್ಲ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರವೂರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿಸಿ ಜನ ಹೊಡೆದರು. ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು. ವೃತ್ತಿಯವರೂ ಕೈ ತೊಳೆದುಕೊಳ್ಳುವಂತಿಲ್ಲ. 2016ರ ನವೆಂಬರ್‌ನಲ್ಲಿ 2,000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಎಂಬ ಫಾರ್ವರ್ಡನ್ನು ಸ್ಟುಡಿಯೊದಲ್ಲಿ ಕೂತು ಗಂಭೀರವಾಗಿ ವಿವರಿಸಿದವರು ಸುದ್ದಿವಾಹಿನಿಯವರೇ.

ಯಾವುದು ಸುಳ್ಳೆಂದು ಸರ್ಕಾರವೇ ತೀರ್ಮಾನಿಸಲಿ ಎಂಬ ಸಲಹೆ ಆಗಾಗ ಬರುತ್ತದೆ. ತನ್ನ ಆಡಳಿತದ ಕುರಿತ ಸುದ್ದಿಯನ್ನು ಸುಳ್ಳೆಂದು ಗುರುತಿಸುವ ಘಟಕಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. ಸರಿಯಾಗೇ ಮಾಡಿತು ಎಂದು ನನ್ನ ಅಭಿಪ್ರಾಯ.

ಮೈಕು ಹಿಡಿದವರೆಲ್ಲ

ಒಂದು ಫೋನು, ಒಂದು ಕಾಲರ್ ಮೈಕು, ಲೋಗೊ ಹಾಕಿದ ಒಂದು ಕೋಲು. ಯೂಟ್ಯೂಬ್ ಚಾನೆಲ್ ತಯಾರು. 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆದರೆ ಜಾಹೀರಾತು ಬರುತ್ತದೆ. ಅದರ 55 ಪಾಲು ಚಾನೆಲಿಗೆ, 45 ಪಾಲು ಯೂಟ್ಯೂಬಿಗೆ. ಸರ್ಕಾರದ ಮಾನ್ಯತಾ ಕಾರ್ಡು ಇವರಲ್ಲಿ ಬಹುತೇಕರಿಗೆ ಸಿಗುವುದಿಲ್ಲ. 1867ರ ಹಳೆಯ ಕಾಯ್ದೆಯ ಜಾಗದಲ್ಲಿ 2024ರ ಮಾರ್ಚ್ 1ರಿಂದ ಜಾರಿಗೆ ಬಂದ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯೂ ಅಚ್ಚಿನ ಪತ್ರಿಕೆಗಳಿಗೆ ಮಾತ್ರ. ಡಿಜಿಟಲ್ ಸುದ್ದಿಗೆ 2021ರ ಐಟಿ ನಿಯಮಗಳಿವೆ: ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ದೂರಿಗೆ 15 ದಿನದಲ್ಲಿ ಉತ್ತರ ಕೊಡಬೇಕು. ಒಬ್ಬರೇ ನಡೆಸುವ ಚಾನೆಲಿನಲ್ಲಿ ವರದಿಗಾರ, ಸಂಪಾದಕ, ಕುಂದುಕೊರತೆ ಅಧಿಕಾರಿ ಮೂವರೂ ಒಬ್ಬರೇ.

ಇವರನ್ನು ‘ಮೊಬೈಲ್ ಪತ್ರಕರ್ತರು’ ಎಂದು ಮೂಗು ಮುರಿಯುವುದು ಜಿಲ್ಲಾ ಪತ್ರಕರ್ತರ ಸಂಘಗಳಲ್ಲಿ ರೂಢಿ. ಅಧಿಕಾರಿಗಳನ್ನು ಹೆದರಿಸಿ ದುಡ್ಡು ಕೀಳುವವರು ಅವರಲ್ಲಿದ್ದಾರೆ. ಅಚ್ಚಿನವರಲ್ಲೂ ಇದ್ದರು, ವಾರಪತ್ರಿಕೆಗಳ ಇತಿಹಾಸ ಬಲ್ಲವರಿಗೆ ಹೇಳಬೇಕಿಲ್ಲ. ದೊಡ್ಡವರು ಮುಟ್ಟಲು ಹಿಂಜರಿದ ವಿಷಯವನ್ನು ಇವರು ಎತ್ತಿಕೊಂಡದ್ದೂ ಉಂಟು. ಹಾಗೆ ಎತ್ತಿಕೊಂಡಾಗ ಬೆನ್ನಿಗೆ ಕಾನೂನು ವಿಭಾಗ ಇರುವುದಿಲ್ಲ. 2025ರ ಜುಲೈನಲ್ಲಿ ಧರ್ಮಸ್ಥಳದ ವಿಚಾರಕ್ಕೆ ಸಂಬಂಧಿಸಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಸಾವಿರಾರು ಕೊಂಡಿಗಳನ್ನು ತೆಗೆಯಲು ಏಕಪಕ್ಷೀಯವಾಗಿ ತಡೆಯಾಜ್ಞೆ ಕೊಟ್ಟಿತು. ಮಂಗಳೂರು ಕಡೆಯ ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ಅದರ ಮಟ್ಟಿಗೆ ಆದೇಶ ರದ್ದಾಯಿತು. ಆ ಪ್ರಕರಣದಲ್ಲಿ ಯಾರು ಹೇಳಿದ್ದು ನಿಜ ಎಂಬುದು ಬೇರೆ ಮಾತು. ಕೋರ್ಟಿಗೆ ಹೋಗುವ ತ್ರಾಣವಿಲ್ಲದ ಚಾನೆಲಿಗೆ ಇಂಥ ಒಂದು ಆದೇಶ ಬಂದರೆ ಕೆಲಸ ಮುಗಿದಂತೆಯೇ.

ಹೊಸ ಮಾಧ್ಯಮದಲ್ಲಿ ಹಳೆಯ ಕಸುಬನ್ನು ಚೆನ್ನಾಗಿ ಮಾಡುವವರನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ‘ದಿ ಫೈಲ್’ ಎಂಬ ಕನ್ನಡ ಜಾಲತಾಣ ನಡೆಯುವುದೇ ಸರ್ಕಾರಿ ಕಡತಗಳ ಮೇಲೆ. ವಿಧಾನಸೌಧದ ಟಿಪ್ಪಣಿ ಹಾಳೆಗಳನ್ನು ಓದಿ ಸುದ್ದಿ ಮಾಡುತ್ತದೆ. ‘ಈದಿನ’ ಬಳಗ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಸ್ವಯಂಸೇವಕರನ್ನು ಊರೂರಿಗೆ ಕಳಿಸಿ ಸಮೀಕ್ಷೆ ನಡೆಸಿ ಕಾಂಗ್ರೆಸ್‌ಗೆ 132ರಿಂದ 140 ಸ್ಥಾನ ಎಂದಿತು. ಬಂದದ್ದು 135. ಕೋಟ್ಯಂತರ ರೂಪಾಯಿಯ ಸ್ಟುಡಿಯೊಗಳು ಅತಂತ್ರ ವಿಧಾನಸಭೆಯ ಚರ್ಚೆ ನಡೆಸುತ್ತಿದ್ದಾಗ ಮನೆಬಾಗಿಲಿಗೆ ಹೋಗಿ ಕೇಳಿದವರ ಲೆಕ್ಕ ಸರಿಯಾಯಿತು. ಇಂಥ ತಾಣಗಳಿಗೆ ಸಾವಿರ ನೋಟದ ಹರಾಜು ಸಾಲುವುದಿಲ್ಲ, ಓದುಗರ ವಂತಿಗೆ ಬೇಕು. ಕನ್ನಡದ ಓದುಗರು ಸುದ್ದಿಗೆಂದು ಆನ್‌ಲೈನ್‌ನಲ್ಲಿ ದುಡ್ಡು ಕೊಡುವ ಅಭ್ಯಾಸ ಇನ್ನೂ ಮಾಡಿಕೊಂಡಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಡಿಜಿಟಲ್ ಜಾಹೀರಾತು ಮಾರ್ಗಸೂಚಿ ತಂದು ಜಾಲತಾಣಗಳಿಗೂ ಸರ್ಕಾರಿ ಜಾಹೀರಾತಿನ ದಾರಿ ತೆರೆದಿದೆ. ಕಡತ ಬಯಲು ಮಾಡುವವರು ಆ ದಾರಿಯಲ್ಲಿ ಎಷ್ಟು ದೂರ ಹೋಗಬಲ್ಲರು ಎಂಬ ಅನುಮಾನ ನನಗಿದೆ.

ತಪ್ಪಾದಾಗ

ಅಚ್ಚಿನಲ್ಲಿ ತಪ್ಪಾದರೆ ಮರುದಿನ ಒಳಪುಟದ ಮೂಲೆಯಲ್ಲಿ ‘ತಿದ್ದುಪಡಿ’ ಎಂಬ ಸಣ್ಣ ಚೌಕ ಬರುತ್ತಿತ್ತು. ನಾಚಿಕೆಯಿಂದ ಹಾಕಿದಷ್ಟು ಸಣ್ಣದು, ಆದರೆ ತಪ್ಪು ಮತ್ತು ತಿದ್ದುಪಡಿ ಎರಡೂ ಗ್ರಂಥಾಲಯದ ಕಟ್ಟಿನಲ್ಲಿ ಉಳಿಯುತ್ತಿದ್ದವು. ವೆಬ್ಬಿನಲ್ಲಿ ತಪ್ಪನ್ನು ಅಳಿಸಿ ಸರಿಯಾದದ್ದನ್ನು ಬರೆದುಬಿಡಬಹುದು, ಏನೂ ಆಗಿಲ್ಲವೆಂಬಂತೆ. ಆದ್ದರಿಂದಲೇ ಸುದ್ದಿಯ ಬಗ್ಗೆ ಜಗಳವಾಡಬೇಕೆನ್ನುವವರು ಮೊದಲು ಆ ಪುಟವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ಸ್ಕ್ರೀನ್‌ಶಾಟ್ ಒಂದೇ ಸಾಲದು, ಅದನ್ನು ಯಾರು ಬೇಕಾದರೂ ತಯಾರಿಸಬಹುದು. ಓದುವಾಗ ಶೀರ್ಷಿಕೆಯ ಕೆಳಗೆ ಪ್ರಕಟವಾದ ಸಮಯ, ನವೀಕರಿಸಿದ ಸಮಯ ಎರಡನ್ನೂ ನೋಡಿ. ನಡುವೆ ಅಂತರವಿದ್ದು ಏನು ಬದಲಾಯಿತೆಂದು ಎಲ್ಲೂ ಹೇಳದಿದ್ದರೆ ಆ ತಾಣದ ಬಗ್ಗೆ ಅಷ್ಟರಮಟ್ಟಿಗೆ ಎಚ್ಚರ ಇಟ್ಟುಕೊಳ್ಳಬಹುದು. ಏನು ತಿದ್ದಿದ್ದೇವೆ ಎಂದು ಕೊನೆಯಲ್ಲಿ ಒಂದು ಸಾಲು ಬರೆಯುವ ಕನ್ನಡ ತಾಣಗಳು ನನ್ನ ಕಣ್ಣಿಗೆ ಬಿದ್ದಿರುವುದು ಬಹಳ ಕಡಿಮೆ.

ನೋಟಿಫಿಕೇಷನ್ ವಿಷಯ ಇನ್ನೂ ವಿಚಿತ್ರ. ಹಿರಿಯ ನಟರೊಬ್ಬರು ತೀರಿಕೊಂಡರೆಂದು ಲಕ್ಷ ಫೋನುಗಳಿಗೆ ಟಿಂಗ್ ಎಂದು ಹೋದ ಸುದ್ದಿ ತಪ್ಪಾಗಿತ್ತು ಎನ್ನಿ. ಪುಟವನ್ನು ತೆಗೆಯುತ್ತಾರೆ, ನೋಟಿಫಿಕೇಷನ್ ಅಷ್ಟು ಹೊತ್ತಿಗೆ ಓದಿಸಿಕೊಂಡು ಸ್ಕ್ರೀನ್‌ಶಾಟಾಗಿ ಗ್ರೂಪಿಗೆ ಹೋಗಿರುತ್ತದೆ. ಅದೇ ಲಕ್ಷ ಫೋನುಗಳಿಗೆ ‘ನಾವು ಕಳಿಸಿದ್ದು ತಪ್ಪು’ ಎಂದು ಕಳಿಸಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ಗುಂಡಿಯೂ ಅದೇ, ಪಟ್ಟಿಯೂ ಅದೇ. ಕಳಿಸುವವರು ವಿರಳ, ಏಕೆಂದರೆ ಅದನ್ನು ಒತ್ತಿ ಒಳಗೆ ಬಂದು ಜಾಹೀರಾತು ನೋಡುವವರು ಇನ್ನೂ ವಿರಳ.